ಮುಂದೆ ಎಂದರೆ ಯಾವ ಕಡೆ?

ಇಂಟರ್ನ್‌ಶಿಪ್ಪಿನ ಎರಡನೇ ವಾರ ನಾನು ಹತ್ತನೇ ತರಗತಿಗೆ ತ್ರಿಕೋನಮಿತಿಯ ಮೊದಲ ಪಾಠ ಮಾಡಿದೆ. ಪಾಠಯೋಜನೆಗೆ ಮೂರು ರಾತ್ರಿ ಕುಳಿತಿದ್ದೆ. ದೇವಸ್ಥಾನದ ಗೋಪುರ, ಧ್ವಜಸ್ತಂಭ, ಗೋಡೆಗೆ ಒರಗಿಸಿದ ಏಣಿ ಎಂದು ಮೂರು ಚಾರ್ಟ್ ಬರೆದಿದ್ದೆ. ಮಕ್ಕಳಿಗೆ ಬಾಹುಗಳ ಹೆಸರು ನೆನಪಿರಲಿ ಎಂದು ಒಂದು ಸುಲಭದ ಸೂತ್ರವನ್ನೂ ಕಟ್ಟಿಕೊಟ್ಟೆ: "ನಿಂತಿರೋದು ಅಭಿಮುಖ, ಮಲಗಿರೋದು ಪಾರ್ಶ್ವ, ಓರೆಯಾಗಿರೋದು ವಿಕರ್ಣ." ಇಡೀ ತರಗತಿ ಮೂರು ಸಲ ಒಟ್ಟಾಗಿ ಹೇಳಿತು. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣೆ ಮಾಡುತ್ತಿದ್ದ ಸಹಪಾಠಿಗಳು ಹಾಳೆಯಲ್ಲಿ ಒಳ್ಳೆಯ ಮಾತು ಬರೆದರು. ನನಗೂ ಪಾಠ ಗೆದ್ದಿತು ಅನಿಸಿತು.

ಗಂಟೆ ಹೊಡೆಯುವ ಹೊತ್ತಿಗೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು. ಅವಳು ಬರೆದುಕೊಂಡಿದ್ದ ತ್ರಿಭುಜದಲ್ಲಿ ಕೋನ ಮೇಲುಗಡೆ ಇತ್ತು. "ಮಿಸ್, ಇದರಲ್ಲಿ ಅಭಿಮುಖ ಯಾವುದು?" ಎಂದಳು. ಮುಂದಿನ ತರಗತಿಯ ಶಿಕ್ಷಕರು ಬಾಗಿಲಲ್ಲಿ ನಿಂತಿದ್ದರು. ನಾನು ಅವಸರದಲ್ಲಿ, "ಪುಸ್ತಕ ತಿರುಗಿಸಿ ನೋಡು, ಗೊತ್ತಾಗುತ್ತೆ" ಎಂದೆ. ಅವಳು ಪುಸ್ತಕ ತಿರುಗಿಸಿ ನೋಡಿ ತಲೆಯಾಡಿಸಿದಳು. ನಾನು ಚಾರ್ಟ್ ಸುತ್ತಿಕೊಂಡು ಹೊರಬಂದೆ.

ಆ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲು ಒಂದು ವಾರಕ್ಕಿಂತ ಹೆಚ್ಚು ಬೇಕಾಯಿತು. ನಡುವೆ ನಮ್ಮ ಮನೆಯ ಒಂದು ಕಾರು ಬರುತ್ತದೆ. ಅದನ್ನು ಹೇಳದೆ ಈ ಪಾಠದ ಅನುಭವ ಹೇಳಲು ನನಗೆ ಬರುವುದಿಲ್ಲ.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿದೆ. ಅಪ್ಪಾಜಿ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡಿಂಗ್ ಶಾಪ್ ಇಟ್ಟಿದ್ದಾರೆ. ಅಣ್ಣ ದಾವಣಗೆರೆಯಲ್ಲಿ ಕೆಲಸ ಮಾಡಿ ಸಂಜೆ ಮನೆಗೆ ಬರುತ್ತಾನೆ. ಅವನಿಗೆ ಮನೆಯಲ್ಲೇ ಕಾರು ಕಟ್ಟುವ ಹುಚ್ಚು. ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸ. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಅಲ್ಲಿ ಬಿಡಿಭಾಗಗಳ ಕಿಟ್ ಆಗಿಯೂ ಮಾರುತ್ತಿದ್ದರು. ಕಿಟ್ ತಂದು ಸ್ವಂತ ಕೈಯಿಂದ ಜೋಡಿಸಿಕೊಂಡರೆ ಆಗಿನ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಿಂದ ಅದೇ ಕಾರನ್ನು ಕೇಟರ್‌ಹ್ಯಾಮ್ ಎಂಬ ಕಂಪನಿ ಮಾಡುತ್ತಾ ಬಂದಿದೆ. ಅಣ್ಣ ಅದರ ವಿಡಿಯೋ ನೋಡಿ ನೋಡಿ, ಗುಜರಿಯಿಂದ ಒಂದು ಹಳೇ ಮಾರುತಿ ಓಮ್ನಿ ತಂದ. ಅದರ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ತೆಗೆದು, ಅಪ್ಪಾಜಿ ಚೌಕದ ಪೈಪಿನಲ್ಲಿ ಕಟ್ಟಿದ ಚೌಕಟ್ಟಿಗೆ ಕೂರಿಸಿದರು. ಎಂಟು ತಿಂಗಳ ಕೆಲಸ. ನೋಂದಣಿ ಇಲ್ಲದ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ, ಹಾಗಾಗಿ ಅದರ ಓಡಾಟವೆಲ್ಲ ನಮ್ಮ ಅಡಿಕೆ ಕಣದಲ್ಲೇ.

ಆ ಭಾನುವಾರ ನಾನು ಮನೆಗೆ ಹೋದಾಗ ಕಾರು ಓಡುತ್ತಿತ್ತು, ಆದರೆ ಅಣ್ಣನ ಮುಖ ಸಪ್ಪಗಿತ್ತು. ಸ್ಟೀರಿಂಗ್ ತಾನಾಗಿ ನೇರವಾಗುತ್ತಿರಲಿಲ್ಲ. ಸಾಮಾನ್ಯ ಕಾರಿನಲ್ಲಿ ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ನಡುವಿಗೆ ಮರಳುತ್ತದೆ. ಇದರಲ್ಲಿ ಎಷ್ಟು ತಿರುಗಿಸಿದರೋ ಅಷ್ಟಕ್ಕೇ ನಿಂತುಬಿಡುತ್ತಿತ್ತು. ಬಿಡಿಸಿ ಬಿಡಿಸಿ ತಾವೇ ನೇರ ಮಾಡಿಕೊಳ್ಳಬೇಕು. ನಾನೂ ಒಂದು ಸುತ್ತು ಹೋದೆ. ಬಲಕ್ಕೆ ತಿರುಗಿಸಿದ್ದನ್ನು ಬಿಡಿಸಲು ಒಂದು ಕ್ಷಣ ತಡವಾಗಿ, ಒಣಹಾಕಿದ್ದ ಅಡಿಕೆಯ ಅಂಚಿನ ಮೇಲೇ ಹತ್ತಿಸಿದೆ.

ಅಣ್ಣ ಆಗಲೇ ಒಂದಷ್ಟು ಓದಿಕೊಂಡಿದ್ದ. ಇಂಥ ತೊಂದರೆಯಲ್ಲಿ ಮೊದಲು ನೋಡಬೇಕಾದದ್ದು ಯಾವುದು ತಡೆಯುತ್ತಿದೆ ಎಂದು. ಆಮೇಲೆ, ಮರಳಿಸುವ ಬಲ ಇದೆಯೋ ಇಲ್ಲವೋ ಎಂದು. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಕೊಟ್ಟು ಸ್ಟೀರಿಂಗ್ ತಿರುಗಿಸಿ ನೋಡಿದೆವು. ಚಕ್ರ ಗಾಳಿಯಲ್ಲಿದ್ದರೂ ಬಿಗಿಯಾಗಿತ್ತು. ಹಳೇ ರ‍್ಯಾಕಿನಲ್ಲಿ ಆಟ ಇದೆ ಎಂದು ಅಪ್ಪಾಜಿ ಅದರ ಹೊಂದಿಸುವ ನಟ್ಟನ್ನು ಜಾಸ್ತಿಯೇ ಬಿಗಿಮಾಡಿದ್ದರು. ಅದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕಂಬಿಯ ಬುಷ್‌ಗೆ ಗ್ರೀಸ್ ಹಾಕಿದೆವು. ಟಯರಿನ ಗಾಳಿ ಸರಿಮಾಡಿದೆವು. ಎರಡೂ ಚಕ್ರಗಳ ಮುಂಭಾಗ ಮತ್ತು ಹಿಂಭಾಗದ ಅಂತರವನ್ನು ದಾರ ಹಿಡಿದು ಅಳೆದು, ಟೈ ರಾಡ್ ತಿರುಗಿಸಿ ಸರಿಗೆ ತಂದೆವು. ಮತ್ತೆ ಓಡಿಸಿದಾಗ ಪೂರ್ತಿ ತಿರುಗಿಸಿದ ಸ್ಟೀರಿಂಗ್ ಅರ್ಧದಷ್ಟು ಮರಳಿ ನಿಂತಿತು. ತಡೆ ಕಡಿಮೆಯಾಗಿತ್ತು, ಆದರೆ ಮರಳಿಸುವ ಬಲವೇ ಸಾಲದಾಗಿತ್ತು.

ಆ ಬಲ ಎಲ್ಲಿಂದ ಬರುತ್ತದೆ ಎಂಬುದು ಭೌತವಿಜ್ಞಾನ ಬೋಧಿಸುವ ನಮಗೆಲ್ಲ ಬಳಸಿಕೊಳ್ಳಬಹುದಾದ ವಿಷಯ. ಮುಂದಿನ ಚಕ್ರ ತಿರುಗುವುದು ಒಂದು ಅಕ್ಷದ ಸುತ್ತ. ಓಮ್ನಿಯಂಥ ಗಾಡಿಯಲ್ಲಿ ಕೆಳಗಿನ ಬಾಲ್ ಜಾಯಿಂಟ್‌ನಿಂದ ಮೇಲೆ ಸ್ಟ್ರಟ್‌ನ ತುದಿ ಕೂರುವ ಜಾಗಕ್ಕೆ ಎಳೆದ ಗೆರೆಯೇ ಆ ಅಕ್ಷ. ಈ ಗೆರೆಯ ಮೇಲ್ತುದಿಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿರುತ್ತಾರೆ. ಸೈಕಲ್ಲಿನ ಹ್ಯಾಂಡಲ್ ಕೊಳವೆ ಓರೆಯಾಗಿರುವ ಹಾಗೆ. ಈ ಓರೆಯ ಕೋನಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಓರೆಯಾದ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಹೋಗಿ ನೆಲಕ್ಕೆ ತಾಗುತ್ತದೆ. ಎಂದರೆ ಟಯರು ಅಕ್ಷದ ಹಿಂದೆ ಎಳೆದುಕೊಂಡು ಬರುತ್ತದೆ. ತಿರುವಿನಲ್ಲಿ ನೆಲ ಟಯರನ್ನು ಅಡ್ಡಕ್ಕೆ ತಳ್ಳುವ ಬಲ ಅಕ್ಷದ ಹಿಂದೆ ಬೀಳುವುದರಿಂದ, ಅದು ಚಕ್ರವನ್ನು ನೇರಕ್ಕೆ ತಿರುಗಿಸುತ್ತದೆ. ಟಯರಿನ ರಬ್ಬರು ತಾನೇ ಒಂದಿಷ್ಟು ಮರಳಿಸುವ ಗುಣ ಹೊಂದಿದೆ, ಅಕ್ಷ ಒಳಗಡೆಗೂ ವಾಲಿರುವುದರಿಂದ ಗಾಡಿಯ ತೂಕವೂ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಮನೆಯಲ್ಲಿ ಕಟ್ಟುವವರ ಕೈಯಲ್ಲಿ ಸುಲಭವಾಗಿ ಹೊಂದಿಸಲು ಸಿಗುವುದು ಕ್ಯಾಸ್ಟರ್.

ಗಾರೆ ಕೆಲಸದವರ ತೂಗುಗುಂಡು ತಂದು ಸ್ಟ್ರಟ್‌ನ ಮೇಲ್ತುದಿಯ ನಡುವಿನಿಂದ ಇಳಿಬಿಟ್ಟೆವು. ದಾರ ಕೆಳಗಿನ ಜಾಯಿಂಟ್‌ಗೆ ಎಡಗಡೆ 3 ಮಿಲಿಮೀಟರ್, ಬಲಗಡೆ 5 ಮಿಲಿಮೀಟರ್ ಅಂತರದಲ್ಲಿ ಬಂತು. ಎಂದರೆ ಅಕ್ಷ ಬಹುತೇಕ ನೆಟ್ಟಗೇ ನಿಂತಿತ್ತು. ಟ್ರೈಲರ್ ಕಟ್ಟಿದ ಕೈ. ಅಪ್ಪಾಜಿಗೆ ಎಲ್ಲವೂ ನೆಟ್ಟಗಿದ್ದರೇ ಅಚ್ಚುಕಟ್ಟು.

"ನಾಲ್ಕು ಡಿಗ್ರಿ ಓರೆ ಬೇಕು. ಮೇಲ್ಗಡೆ ಎಷ್ಟು ಸರಿಸಬೇಕು ನೀನೇ ಲೆಕ್ಕ ಹಾಕು, ಮೇಷ್ಟ್ರಮ್ಮ" ಎಂದ ಅಣ್ಣ. ಎರಡು ಜಾಯಿಂಟ್‌ಗಳ ನಡುವಿನ ಎತ್ತರ 600 ಮಿಲಿಮೀಟರ್. ಟ್ಯಾನ್ 4 ಡಿಗ್ರಿ ಎಂದರೆ ಸುಮಾರು 0.07. ವಾರವಿಡೀ ನನ್ನ ಬಾಯಲ್ಲಿದ್ದ ಸೂತ್ರ ತಾನಾಗಿ ಹೊರಬಂತು. ನಿಂತಿರೋದು ಅಭಿಮುಖ, ಮಲಗಿರೋದು ಪಾರ್ಶ್ವ. ನಿಂತಿರುವುದು 600. ಅದನ್ನು 0.07ರಿಂದ ಭಾಗಿಸಿದೆ. "ಎಂಟು ಸಾವಿರದ ಐನೂರು ಮಿಲಿಮೀಟರ್" ಎಂದೆ.

ಅಣ್ಣ ಒಂದು ಕ್ಷಣ ನನ್ನ ಮುಖ ನೋಡಿದ. "ಎಂಟೂವರೆ ಮೀಟರಾ? ಕಾರೇ ಅಷ್ಟುದ್ದ ಇಲ್ಲ ಕಣೇ. ಪ್ಲೇಟನ್ನ ದೇವಸ್ಥಾನದ ಹತ್ರ ಕೂರಿಸ್ಬೇಕಾಗುತ್ತೆ" ಎಂದು ನಕ್ಕ. ಅಪ್ಪಾಜಿಯೂ ನಕ್ಕರು. ನಾನೂ ನಕ್ಕೆ. ಇಲ್ಲಿ ಕೋನ ಇರುವುದು ನಿಂತ ಗೆರೆಯ ಪಕ್ಕದಲ್ಲಿ. ಆದ್ದರಿಂದ ನಿಂತಿರುವುದೇ ಪಾರ್ಶ್ವ ಬಾಹು, ಮಲಗಿರುವುದೇ ಅಭಿಮುಖ. 600ನ್ನು 0.07ರಿಂದ ಗುಣಿಸಬೇಕು. 42 ಮಿಲಿಮೀಟರ್. ಇದು ನಂಬುವಂಥ ಉತ್ತರ. ಲೆಕ್ಕ ತಿದ್ದಿಕೊಂಡೆ. ಆದರೆ ಲೆಕ್ಕ ಕೆಡಿಸಿದ ಸೂತ್ರ ನಾನೇ ಒಂದು ತರಗತಿಗೆ ಹೇಳಿಕೊಟ್ಟದ್ದು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಸೋಮವಾರ ರಾತ್ರಿ ರೂಮಿನಲ್ಲಿ ಕುಳಿತು ಒಂದು ಚಿತ್ರ ಬರೆದೆ. ಚಕ್ರ, ಅಕ್ಷ, ಮೇಲ್ತುದಿಯನ್ನು 42 ಮಿಲಿಮೀಟರ್ ಸರಿಸಲು ಎಡಕ್ಕೆ ಒಂದು ಬಾಣ. ಫೋಟೋ ತೆಗೆದು ಅಪ್ಪಾಜಿಯ ಮೊಬೈಲಿಗೆ ಕಳಿಸಿದೆ. ಅಳತೆಗಳೆಲ್ಲ ಇದ್ದವು. ಗೆರೆಗಳು ಅಂದವಾಗಿದ್ದವು.

ಮಂಗಳವಾರ ತರಗತಿಯಲ್ಲಿ ಹತ್ತು ಅಂಕದ ಕಿರುಪರೀಕ್ಷೆ ಕೊಟ್ಟೆ. ಒಂದು ಪ್ರಶ್ನೆಯಲ್ಲಿ ಕೋನ ಮೇಲ್ಗಡೆ ಇದ್ದ ತ್ರಿಭುಜ ಕೊಟ್ಟಿದ್ದೆ. 31 ಮಕ್ಕಳಲ್ಲಿ 14 ಮಕ್ಕಳು ಬಾಹುಗಳನ್ನು ಅದಲುಬದಲು ಬರೆದಿದ್ದರು. ಮೂರನೇ ಬೆಂಚಿನ ಆ ಹುಡುಗಿಯೂ ಅವರಲ್ಲಿ ಒಬ್ಬಳು. ಉತ್ತರಪತ್ರಿಕೆ ಕೊಡುವಾಗ ಅವಳು, "ನಾನೇ ತಪ್ಪು ಬರ್ದೆ ಮಿಸ್, ಸರಿಯಾಗಿ ನೋಡ್ಲಿಲ್ಲ" ಎಂದಳು. ಪರಿಹಾರ ಬೋಧನೆಯ ನಮೂನೆಯಲ್ಲಿ ದೋಷಕ್ಕೆ ಕಾರಣ ಎಂಬ ಅಂಕಣ ಇರುತ್ತದಲ್ಲ, ಅಲ್ಲಿ ನಾನು "ಅಭ್ಯಾಸದ ಕೊರತೆ" ಎಂದು ಬರೆದೆ. ನಮ್ಮಲ್ಲಿ ಬಹಳ ಜನ ಅದನ್ನೇ ಬರೆಯುತ್ತೇವೆ.

ಬುಧವಾರ ಸಂಜೆ ಅಣ್ಣನ ಫೋನ್ ಬಂತು. ಅಪ್ಪಾಜಿ ಹಗಲು ಒಬ್ಬರೇ ಕುಳಿತು ಎರಡೂ ಕಡೆಯ ಪ್ಲೇಟು ಕತ್ತರಿಸಿ, ನನ್ನ ಚಿತ್ರದ ಹಾಗೆಯೇ 42 ಮಿಲಿಮೀಟರ್ ಸರಿಸಿ ವೆಲ್ಡ್ ಮಾಡಿದ್ದರು. ಅಣ್ಣ ಕೆಲಸದಿಂದ ಬಂದವನೇ ಕಣದಲ್ಲಿ ಓಡಿಸಿದ. ಈ ಸಲ ಸ್ಟೀರಿಂಗ್ ಮರಳದೆ ನಿಂತದ್ದಲ್ಲ. ತಿರುಗಿಸಿದ ಕಡೆಗೇ ಇನ್ನೂ ಒಳಕ್ಕೆ ಎಳೆಯಿತು. ಕಣದ ಅಂಚಿನ ತಗ್ಗಿಗೆ ಚಕ್ರ ಇಳಿದಾಗ ಕೈಯಿಂದ ಕಿತ್ತುಕೊಂಡು ಗಿರ್ರನೆ ಸುತ್ತಿತು. ಅವನ ಹೆಬ್ಬೆರಳು ಸ್ಟೀರಿಂಗಿನ ಕಡ್ಡಿಗೆ ಸಿಕ್ಕಿತು. ಕಾರು ಹೋಗಿ ಅಡಿಕೆ ಅಟ್ಟದ ಕಂಬಕ್ಕೆ ಗುದ್ದಿತು. ವೇಗ ಕಡಿಮೆ ಇದ್ದದ್ದರಿಂದ ಹೆಬ್ಬೆರಳು ಊದಿಕೊಂಡದ್ದು, ಕಂಬ ವಾಲಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಪಕ್ಕದ ಮನೆಯ ಹುಡುಗರು ಪ್ರತಿದಿನ ಅದೇ ಕಂಬದ ಹತ್ತಿರ ಕುಳಿತು ನೋಡುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದದ್ದು ಇಷ್ಟು. ನನ್ನ ಚಿತ್ರದಲ್ಲಿ ಕಾರಿನ ಮುಂಭಾಗ ಬಲಗಡೆ ಇತ್ತು. ಗಣಿತದ ಪುಸ್ತಕದಲ್ಲಿ ಬಲಕ್ಕೆ ಹೋಗುವುದೇ ಮುಂದೆ. ನನಗೆ ಅದನ್ನು ಬರೆದು ಹೇಳಬೇಕು ಎಂದೇ ಹೊಳೆಯಲಿಲ್ಲ. ಅಪ್ಪಾಜಿ ಮೊಬೈಲ್ ಹಿಡಿದು ನಿಂತದ್ದು ಕಾರಿನ ಎಡಮಗ್ಗುಲಲ್ಲಿ. ಅಲ್ಲಿ ನಿಂತವರಿಗೆ ಕಾರಿನ ಮುಂಭಾಗ ಎಡಗಡೆ ಇರುತ್ತದೆ. ಬಾಣ ಎಡಕ್ಕಿತ್ತು, ಅವರು ಎಡಕ್ಕೇ ಸರಿಸಿದರು. ಎಂದರೆ ಮುಂದಕ್ಕೆ. ಇನ್ನೊಂದು ಮಗ್ಗುಲನ್ನೂ ಅದಕ್ಕೆ ಸರಿಯಾಗಿ ಮುಂದಕ್ಕೇ ಮಾಡಿದರು. ಓರೆ ತಿರುಗುಮುರುಗಾಗಿ ಟಯರು ನೆಲ ಮುಟ್ಟುವ ಜಾಗ ಅಕ್ಷದ ಮುಂದೆ ಬಂತು. ನೇರಕ್ಕೆ ತಿರುಗಿಸಬೇಕಾದ ಬಲವೇ ಇನ್ನಷ್ಟು ತಿರುಗಿಸುವ ಬಲವಾಯಿತು.

ಫೋನನ್ನು ಅಪ್ಪಾಜಿ ತೆಗೆದುಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. "ನಂದೇ ತಪ್ಪು ಕಣವ್ವ. ನೀನು ಸರಿಯಾಗೇ ಬರ್ದಿದ್ದೆ, ನಾನೇ ಸರಿಯಾಗಿ ನೋಡ್ಲಿಲ್ಲ" ಎಂದರು.

ಹಿಂದಿನ ದಿನ ಆ ಹುಡುಗಿ ಹೇಳಿದ ಮಾತೂ ಇದೇ. ಪದವೂ ಹೆಚ್ಚುಕಡಿಮೆ ಅವೇ. ಮೂವತ್ತು ವರ್ಷ ಕಬ್ಬಿಣದ ಕೆಲಸ ಮಾಡಿದ ಅಪ್ಪಾಜಿ, ಓದಿದ ಮಗಳ ಚಿತ್ರ ತಪ್ಪಿರಲಾರದು ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಹದಿನೈದು ವರ್ಷದ ಹುಡುಗಿ, ಮಿಸ್ ಹೇಳಿದ ಸೂತ್ರ ತಪ್ಪಿರಲಾರದು ಎಂದು ತನ್ನ ಕಣ್ಣನ್ನೇ ದೂರಿಕೊಂಡಳು. ಇಬ್ಬರೂ ಸರಿಯಾಗಿಯೇ ನೋಡಿದ್ದರು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದರು. ಆ ರಾತ್ರಿ ನಮೂನೆ ತೆಗೆದು "ಅಭ್ಯಾಸದ ಕೊರತೆ" ಎಂಬುದನ್ನು ಹೊಡೆದು "ಪ್ರಶಿಕ್ಷಣಾರ್ಥಿ ಕೊಟ್ಟ ಸೂತ್ರ ತಪ್ಪು" ಎಂದು ಬರೆದೆ. ಬರೆಯಲು ನಾಚಿಕೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅದು ಮೇಲ್ವಿಚಾರಕರು ನೋಡುವ, ಅಂಕಕ್ಕೆ ಸೇರುವ ಹಾಳೆ.

ಗುರುವಾರ ಮಾರ್ಗದರ್ಶಕ ಶಿಕ್ಷಕರಿಗೆ ಎಲ್ಲವನ್ನೂ ಹೇಳಿ ಒಂದು ಅವಧಿ ಕೇಳಿದೆ. ಅವರು, "ಕೊಡ್ತೀನಿ. ಆದ್ರೆ ಹೊಸ ಪಾಠದ ಹಾಗೆ ಮಾಡ್ಬೇಡಿ ಮೇಡಂ. ತಪ್ಪಾಗಿತ್ತು ಅಂತ ಮಕ್ಕಳಿಗೆ ಹೇಳೇ ಶುರು ಮಾಡಿ" ಎಂದರು.

ಶುಕ್ರವಾರ ಹಾಗೆಯೇ ಶುರು ಮಾಡಿದೆ. "ನಿಂತಿರೋದು ಅಭಿಮುಖ ಅಂತ ಹೇಳಿಕೊಟ್ಟಿದ್ದೆನಲ್ಲ, ಅದು ತಪ್ಪು. ನೀವು ತಪ್ಪು ಬರೆದದ್ದಲ್ಲ, ನಾನು ತಪ್ಪು ಹೇಳಿದ್ದು" ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಮುಖ್ಯೋಪಾಧ್ಯಾಯರ ಕೊಠಡಿಯಿಂದ ಕೇಳಿ ತಂದ ಚಕ್ರದ ಕುರ್ಚಿಯನ್ನು ಮುಂದಿಟ್ಟೆ. ತಳ್ಳಿದಾಗ ಅದರ ಪುಟ್ಟ ಚಕ್ರಗಳೆಲ್ಲ ಸುತ್ತಿ ಹಿಂದಕ್ಕೆ ಬರುವುದನ್ನು ಮಕ್ಕಳು ಬಗ್ಗಿ ನೋಡಿದರು. ಕುರ್ಚಿಯ ಕಡ್ಡಿ ನೆಟ್ಟಗಿದ್ದರೂ ಚಕ್ರವನ್ನು ಅದರ ಪಕ್ಕಕ್ಕೆ ಸರಿಸಿ ಜೋಡಿಸಿರುವುದರಿಂದ, ತಳ್ಳಿದಾಗ ಅದು ಹಿಂದೆ ಬೀಳುತ್ತದೆ. ಕಾರಿನಲ್ಲಿ ಅದೇ ಕೆಲಸವನ್ನು ಅಕ್ಷ ಓರೆ ಮಾಡಿ ಸಾಧಿಸುತ್ತಾರೆ. ಆಮೇಲೆ ಅಣ್ಣನ ಕಾರಿನ ಕಥೆ ಹೇಳಿದೆ, ಎಂಟೂವರೆ ಮೀಟರನ್ನೂ ಬಿಡದೆ. ಮಕ್ಕಳು ಜೋರಾಗಿ ನಕ್ಕರು. ನಕ್ಕ ಮೇಲೆ ಕಪ್ಪು ಹಲಗೆಯ ಮೇಲೆ ಓರೆ ಗೆರೆ ಎಳೆದು, "ನಾಲ್ಕು ಡಿಗ್ರಿ ಕೋನ ಎಲ್ಲಿದೆ? ಮೊದಲು ಅದನ್ನ ಗುರುತು ಮಾಡಿ. ಆ ಕೋನದ ಎದುರಿಗಿರೋದು ಯಾವುದು?" ಎಂದೆ. ಟ್ಯಾನ್ 4 ಡಿಗ್ರಿಯ ಬೆಲೆ ಅವರ ಕೋಷ್ಟಕದಲ್ಲಿ ಇರುವುದಿಲ್ಲ. ಅದನ್ನು ಮಾತ್ರ ನಾನು ಕೊಟ್ಟೆ. 42 ಅವರೇ ತಂದರು. ಚಕ್ರದ ತ್ರಿಜ್ಯ 26 ಸೆಂಟಿಮೀಟರ್ ಇದ್ದರೆ ನೆಲದ ಮೇಲೆ ಟಯರು ಅಕ್ಷಕ್ಕಿಂತ ಎಷ್ಟು ಹಿಂದೆ ಬೀಳುತ್ತದೆ ಎಂದು ಕೇಳಿದೆ. ಸುಮಾರು 18 ಮಿಲಿಮೀಟರ್ ಎಂದು ಮೊದಲು ಹೇಳಿದವನು ಕೊನೆಯ ಬೆಂಚಿನ ಹುಡುಗ. ಅವನು ಅಲ್ಲಿಯವರೆಗೆ ನನ್ನ ಪಾಠದಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಅವತ್ತು ಪುಸ್ತಕ ತಿರುಗಿಸು ಅಂದ್ರಲ್ಲ, ನಾನು ತಿರುಗಿಸ್ದೆ. ಹೀಗೆ ತಿರುಗಿಸಿದ್ರೆ ಇದು ನಿಲ್ಲುತ್ತೆ, ಹಾಗೆ ತಿರುಗಿಸಿದ್ರೆ ಅದು ನಿಲ್ಲುತ್ತೆ. ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಾಗ್ಲಿಲ್ಲ" ಎಂದಳು. ಅವಳಿಗೆ ಮೊದಲ ದಿನವೇ ನನ್ನ ಸೂತ್ರದ ತೂತು ಕಂಡಿತ್ತು. ಅದನ್ನು ಹೇಳಲು ನಾನು ಜಾಗ ಕೊಟ್ಟಿರಲಿಲ್ಲ.

ಭಾನುವಾರ ಊರಿಗೆ ಹೋಗಿ ನಾನೇ ಕಾರಿನ ಪಕ್ಕ ನಿಂತೆ. ಅಪ್ಪಾಜಿ ಸೀಮೆಸುಣ್ಣದಿಂದ ಚೌಕಟ್ಟಿನ ಎರಡೂ ಮಗ್ಗುಲಿಗೆ "ಮುಂದೆ" ಎಂದು ಬರೆದು ದಪ್ಪ ಬಾಣ ಹಾಕಿದರು. ತಪ್ಪಾದ ಜಾಗದಿಂದ 84 ಮಿಲಿಮೀಟರ್ ಹಿಂದಕ್ಕೆ ಬರಬೇಕಿತ್ತು. ವೆಲ್ಡ್ ಆದ ಮೇಲೆ ತೂಗುಗುಂಡು ಎಡಗಡೆ 43, ಬಲಗಡೆ 40 ತೋರಿಸಿತು. ಎರಡು ಕಡೆಯ ಓರೆ ಬಹಳ ಬೇರೆಯಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಇಷ್ಟು ವ್ಯತ್ಯಾಸಕ್ಕೆ ನಮ್ಮ ಕಣದಲ್ಲಿ ಏನೂ ಗೊತ್ತಾಗಲಿಲ್ಲ. ಓರೆ ಇನ್ನೂ ಹೆಚ್ಚಿಸಿದರೆ ಮರಳುವಿಕೆ ಜೋರಾಗುತ್ತದೆ, ಆದರೆ ತಿರುಗಿಸಲು ಭಾರವೂ ಆಗುತ್ತದೆ ಎಂದು ಅಣ್ಣ ನಾಲ್ಕಕ್ಕೇ ನಿಲ್ಲಿಸಿದ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗೆ ಇಳಿಯುವ ಮುಂಚೆ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಸ್ಟೀರಿಂಗ್ ತಾನಾಗಿ ಮರಳುತ್ತದೆಯೇ ಎಂದು ಅದರಲ್ಲಿ ನೋಡುತ್ತಾರೆ. ಅಂಥ ಪರೀಕ್ಷೆಯ ಅಳತೆಗೋಲು ಸರಳ: ನಿಧಾನ ವೇಗದಲ್ಲಿ ವೃತ್ತಾಕಾರವಾಗಿ ಓಡಿಸುತ್ತಾ ಕೈ ಬಿಟ್ಟರೆ ವೃತ್ತ ಇದ್ದಷ್ಟೇ ಇರಬೇಕು ಅಥವಾ ದೊಡ್ಡದಾಗಬೇಕು, ಚಿಕ್ಕದಾಗಬಾರದು. ನಾವೂ ಹುಡುಗರನ್ನೆಲ್ಲ ಜಗಲಿಯ ಮೇಲೆ ಕೂರಿಸಿ, ಕಣ ಪೂರ್ತಿ ಖಾಲಿ ಮಾಡಿ, ಅದನ್ನೇ ಮಾಡಿದೆವು. ಅಣ್ಣ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಓಡಿಸಿದ. ಕೈ ಬಿಟ್ಟ. ಸ್ಟೀರಿಂಗ್ ನಿಧಾನವಾಗಿ ನಡುವಿಗೆ ಬಂತು. ಮಣ್ಣಿನ ಮೇಲೆ ಚಕ್ರದ ಗುರುತು ವೃತ್ತದಿಂದ ಹೊರಬಿದ್ದು ನೇರವಾಗುತ್ತಾ ಹೋಯಿತು.

ಈಗ ಪಾಠಯೋಜನೆ ಬರೆಯುವಾಗ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಹಲಗೆಯ ಮೇಲೆ ಯಾವ ತ್ರಿಭುಜ ಬರೆದರೂ ಮೊದಲು ಕೋನ ಗುರುತಿಸುತ್ತೇನೆ, ಆಮೇಲೆ ಬಾಹುವಿನ ಹೆಸರು. ಸುಲಭದ ಸೂತ್ರ ಏನಾದರೂ ಹೊಳೆದರೆ ಚಿತ್ರವನ್ನು ನಾಲ್ಕೂ ಕಡೆ ತಿರುಗಿಸಿ ಅದು ನಿಲ್ಲುತ್ತದೆಯೇ ನೋಡುತ್ತೇನೆ. ಎಂಟೂವರೆ ಮೀಟರಿನಂಥ ತಪ್ಪು ತಾನೇ ಸಿಕ್ಕಿಬೀಳುತ್ತದೆ. ಎಲ್ಲರೂ ನಗುತ್ತಾರೆ, ತಿದ್ದಿಕೊಳ್ಳುತ್ತೇವೆ. 42 ಮಿಲಿಮೀಟರಿನಂಥ ತಪ್ಪು ಸರಿಯಾದ ಉತ್ತರದ ಮುಖ ಹೊತ್ತುಕೊಂಡು ಬರುತ್ತದೆ. ಅದನ್ನು ಹಿಡಿಯುವವರು ಸಾಮಾನ್ಯವಾಗಿ ನಮ್ಮ ಮಾತು ಕೇಳಿ ಕೆಲಸ ಮಾಡುವವರು, ಅವರೂ ತಪ್ಪು ತಮ್ಮದೇ ಎಂದುಕೊಂಡಿರುತ್ತಾರೆ.

ಶುಕ್ರವಾರದ ಆ ಅವಧಿಗೆ ಇಬ್ಬರು ಮಕ್ಕಳು ಬಂದಿರಲಿಲ್ಲ. ಅಡಿಕೆ ಕೊಯ್ಲಿನ ದಿನಗಳು; ಮನೆಯವರ ಜೊತೆ ತೋಟಕ್ಕೆ ಹೋಗಿದ್ದರು. ಇಂಟರ್ನ್‌ಶಿಪ್ ಮುಗಿಯುವವರೆಗೂ ಅವರು ನನಗೆ ಸಿಗಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ನನ್ನ ಮೊದಲ ಸೂತ್ರ ಹಾಗೆಯೇ ಇದೆ. ಕೊನೆಯ ದಿನ ಇಬ್ಬರ ಹೆಸರನ್ನೂ, ತಿದ್ದಬೇಕಾದ ಸಾಲನ್ನೂ ಒಂದು ಹಾಳೆಯಲ್ಲಿ ಬರೆದು ಮಾರ್ಗದರ್ಶಕ ಶಿಕ್ಷಕರ ಕೈಗೆ ಕೊಟ್ಟು ಬಂದೆ. ಹಾಳೆಯಲ್ಲಿ ಒಂದು ಚಿತ್ರವೂ ಇತ್ತು. ಕೊಡುವ ಮುಂಚೆ ಅದರಲ್ಲಿ ಕೋನ ಗುರುತಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ.